ಗಲ್ಲಾದ ಮುಂದಿನ ಸ್ಟಿಕ್ಕರುಗಳು

ಯಾವ ದರ್ಶಿನಿಗೆ ಬೇಕಾದರೂ ಹೋಗಿ, ಟೋಕನ್ ಕೇಳುವ ಮುಂಚೆ ಅರೆಗಳಿಗೆ ಗಲ್ಲಾದ ಮುಂದೆ ನಿಂತು ನೋಡಿ. ನೇರಳೆ ಬಣ್ಣದ ಫೋನ್‌ಪೇ ಸ್ಟಿಕ್ಕರು, ಮಗ್ಗುಲಲ್ಲಿ ನೀಲಿಯ ಪೇಟಿಎಂ, ಕೆಳಗೆ ಬಿಳಿ ಹಾಳೆಯ ಗೂಗಲ್ ಪೇ. ಒಂದರ ಅಂಚು ಇನ್ನೊಂದರ ಮೇಲೆ ಹತ್ತಿ, ಚಟ್ನಿಯ ಕೈ ತಾಗಿ ಮೂಲೆ ಮೇಲಕ್ಕೆದ್ದು, ಅದಕ್ಕೆ ಮಾಲೀಕರು ಸೆಲ್ಲೋಟೇಪು ಅಂಟಿಸಿ, ಆ ಟೇಪಿನ ಮೇಲೂ ಧೂಳು ಕೂತಿರುತ್ತದೆ. ಪಕ್ಕದಲ್ಲೊಂದು ಅಂಗೈಯಗಲದ ಪೆಟ್ಟಿಗೆ ಗಳಿಗೆಗೊಮ್ಮೆ ಬಂದ ಹಣವನ್ನು ಉದ್ಘೋಷಿಸುತ್ತದೆ. ಮಾಲೀಕರು ಚಿಲ್ಲರೆ ಎಣಿಸುತ್ತಲೇ ಇರುತ್ತಾರೆ, ತಲೆ ಎತ್ತುವುದಿಲ್ಲ. ಕಿವಿ ಮಾತ್ರ ಪೆಟ್ಟಿಗೆಯ ಕಡೆಗಿರುತ್ತದೆ. ಈ ಒಂದು ಗೇಣು ಜಾಗಕ್ಕಾಗಿ ಎಂಥೆಂಥ ದೈತ್ಯ ಕಂಪನಿಗಳು ಸೆಣಸಾಡುತ್ತಿವೆ ಎಂದು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ.

ಅದಕ್ಕಿಂತ ದೊಡ್ಡ ಬೆರಗು ಇನ್ನೊಂದಿದೆ. ಫೋನ್‌ಪೇ ಸ್ಟಿಕ್ಕರನ್ನು ಗೂಗಲ್ ಪೇಯಿಂದ ಸ್ಕ್ಯಾನ್ ಮಾಡಿದರೂ ಹಣ ಸರಿಯಾದ ಖಾತೆಗೇ ಹೋಗಿ ಬೀಳುತ್ತದೆ. ಮೊದಮೊದಲು ಹಾಗಿರಲಿಲ್ಲ, ಒಂದು ಕಂಪನಿಯ ವಾಲೆಟ್ಟಿನ ಕ್ಯೂಆರ್ ಕೋಡು ಇನ್ನೊಂದರ ಕಣ್ಣಿಗೆ ಬರೀ ಕಪ್ಪು ಚುಕ್ಕಿಗಳ ರಾಶಿ. 2016ರಲ್ಲಿ ರಾಷ್ಟ್ರೀಯ ಪಾವತಿ ನಿಗಮ ಯುಪಿಐ ಎಂಬ ಸಾರ್ವಜನಿಕ ದಾರಿಯನ್ನು ತೆರೆದ ಮೇಲೆ, 2022ರ ಮಾರ್ಚ್ ಕೊನೆಯೊಳಗೆ ಎಲ್ಲರ ಕೋಡೂ ಎಲ್ಲರಿಗೂ ನಡೆಯಬೇಕೆಂದು ರಿಸರ್ವ್ ಬ್ಯಾಂಕು ಗಡುವು ಕೊಟ್ಟ ಮೇಲೆ, ಈ ಸರ್ವಸಮನ್ವಯ ಸಿದ್ಧಿಸಿತು. ದಾರಿ ಒಂದೇ ಆದ ಮೇಲೆ ಪೈಪೋಟಿಗೆ ಉಳಿದದ್ದೇನು? ಬಣ್ಣ, ದನಿ, ಉಪಚಾರ.

ಇದನ್ನು ನಾನು ಬಾಲ್ಯದಲ್ಲೇ ಕಂಡವನು, ಸ್ವಲ್ಪ ಆ ಕಡೆ ಹೋಗಿ ಬರೋಣ. ನಾನು ಬೆಳೆದದ್ದು ಕರಾವಳಿಯಲ್ಲಿ, ಉಡುಪಿ–ಮಂಗಳೂರು ಹೆದ್ದಾರಿಯ ಮಗ್ಗುಲಿಗೆ. ಅಲ್ಲಿ ಖಾಸಗಿ ಬಸ್ಸುಗಳದ್ದೇ ರಾಜ್ಯಭಾರ. ರಸ್ತೆ ಸರ್ಕಾರದ್ದು, ಟಿಕೆಟ್ ದರ ಎಲ್ಲದರಲ್ಲೂ ಒಂದೇ. ಆದರೂ ಒಂದಕ್ಕೆ ದೇವರ ಹೆಸರು, ಇನ್ನೊಂದಕ್ಕೆ ಮಗಳ ಹೆಸರು, ಒಂದರ ಹಾರ್ನು ನಾಗಸ್ವರದಂತೆ, ಇನ್ನೊಂದರಲ್ಲಿ ರಾಜಕುಮಾರರ ಹಾಡುಗಳ ಕ್ಯಾಸೆಟ್ಟು. ನಮ್ಮ ಅಜ್ಜಿ ಮಾತ್ರ ಎರಡು ಬಸ್ಸು ಬಿಟ್ಟು ಮೂರನೆಯದಕ್ಕೇ ಹತ್ತುತ್ತಿದ್ದಳು, ಯಾಕೆಂದರೆ ಆ ಕಂಡಕ್ಟರ್ ಅವಳ ಕೈಚೀಲ ಎತ್ತಿಕೊಂಡು ಮೊಣಕಾಲ ನೋವು ಹೇಗಿದೆ ಅಂತ ವಿಚಾರಿಸುತ್ತಿದ್ದ. ಬ್ರ್ಯಾಂಡ್ ನಿಷ್ಠೆ ಎಂದು ಇಂದು ಮ್ಯಾನೇಜ್‌ಮೆಂಟ್ ಶಾಲೆಗಳಲ್ಲಿ ಕಲಿಸುವುದರ ಸಾರಾಂಶ ಅಷ್ಟೇ ಎಂದು ನನ್ನ ನಂಬಿಕೆ.

ಯುಪಿಐ ದಾರಿಯ ಮೇಲೂ ಅದೇ ಆಯಿತು. 2017ರಲ್ಲಿ ತೇಜ್ ಎಂಬ ಹೆಸರಿನಿಂದ ಬಂದ ಗೂಗಲ್ಲಿನ ಆ್ಯಪ್ ಮರುವರ್ಷವೇ ಗೂಗಲ್ ಪೇ ಆಯಿತು. ಉಗುರಿನಲ್ಲಿ ಗೀರಿದ ಹಾಗೆ ಬೆರಳಾಡಿಸಿದರೆ ಬಹುಮಾನ ಕೊಡುವ ಕಾರ್ಡು ತಂದಿತು. 2019ರ ದೀಪಾವಳಿಗೆ ಐದು ಚಿತ್ರ ಕೂಡಿಸಿದವರಿಗೆ 251 ರೂಪಾಯಿ ಎಂದಾಗ, ಹಣತೆ, ಲಾಟೀನು ಎಲ್ಲರಿಗೂ ಸಿಕ್ಕವು, ರಂಗೋಲಿ ಮಾತ್ರ ಯಾರಿಗೂ ಸಿಗದು. ಮಾತು ಬಿಟ್ಟಿದ್ದ ಬೀಗರು ಕೂಡ ರಂಗೋಲಿ ಇದೆಯಾ ಅಂತ ಕೇಳಲು ಫೋನಾಯಿಸಿದ ಕಾಲ ಅದು! ಬೆಂಗಳೂರಿನಲ್ಲೇ ಹುಟ್ಟಿದ ಫೋನ್‌ಪೇ ತನ್ನ ಪೆಟ್ಟಿಗೆಗೆ ಅಮಿತಾಭ್ ಬಚ್ಚನ್ನರ ಕಂಠ ತೊಡಿಸಿತು, ಆಮೇಲೆ ಕನ್ನಡಕ್ಕೆ ಕಿಚ್ಚ ಸುದೀಪರನ್ನು ಕರೆತಂದಿತು. ಕಾಫಿಯ ದುಡ್ಡು ಬಂದದ್ದನ್ನು ಕಿಚ್ಚನ ಗಂಭೀರ ದನಿಯಲ್ಲಿ ಕೇಳುವುದು ನನಗಂತೂ ಇಷ್ಟ. ನಮ್ಮ ಭಾಷೆ ಗಲ್ಲಾದ ಮೇಲೆ ಕೂತು ಲೆಕ್ಕ ಹೇಳುವುದು ಸಣ್ಣ ಮಾತಲ್ಲ.

ಆದರೆ ಇಷ್ಟೆಲ್ಲ ಉಪಚಾರಕ್ಕೆ ಹಣ ಎಲ್ಲಿಂದ? 2020ರ ಜನವರಿಯಿಂದ ಯುಪಿಐ ಪಾವತಿಗೆ ಅಂಗಡಿಯವರಿಂದ ಶುಲ್ಕ ಕೀಳುವ ಹಾಗಿಲ್ಲ. ಹಾಗಾಗಿ ಸ್ಟಿಕ್ಕರು ಪುಕ್ಕಟೆ, ಪೆಟ್ಟಿಗೆಗೆ ತಿಂಗಳ ಬಾಡಿಗೆ. ಅದರ ಬೆನ್ನಿಗೆ ಸಾಲ, ವಿಮೆ, ಚಿನ್ನ. ಗಲ್ಲಾದ ಮುಂದಿನ ಜಾಗ ಹಿಡಿದವನಿಗೆ ಅಂಗಡಿಯ ದಿನದ ವಹಿವಾಟು ಗೊತ್ತು, ವಹಿವಾಟು ಗೊತ್ತಿದ್ದವನಿಗೆ ಯಾರಿಗೆ ಎಷ್ಟು ಸಾಲ ಕೊಡಬಹುದೆಂದು ಗೊತ್ತು. ಆದರೂ ಆ ಜಾಗ ಅಂಗಡಿಯವನದು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ತೆರಿಗೆ ನೋಟಿಸು ಬಂದಾಗ ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್‌ಗಳವರು ಸ್ಟಿಕ್ಕರು ಕಿತ್ತು ‘ನಗದು ಮಾತ್ರ’ ಎಂದು ಬರೆದರಲ್ಲ, ಆಗ ಯಾವ ನಟನ ಕಂಠವೂ ನೆರವಿಗೆ ಬರಲಿಲ್ಲ.

ನನ್ನ ಚಿಂತೆ ಬೇರೆಯದು. ಇಂದು ಯುಪಿಐ ವ್ಯವಹಾರದಲ್ಲಿ ಸುಮಾರು ಶೇ. 80ರಷ್ಟು ಎರಡೇ ಆ್ಯಪ್‌ಗಳ ಕೈಯಲ್ಲಿದೆ. ಯಾರ ಪಾಲೂ ಶೇ. 30 ಮೀರಬಾರದೆಂದು ಪಾವತಿ ನಿಗಮ 2020ರಲ್ಲೇ ಹೇಳಿತು. ಗಡುವು 2022ಕ್ಕೆ, 2024ಕ್ಕೆ, ಈಗ 2026ರ ಕೊನೆಗೆ ಸರಿದಿದೆ. ಹೀಗೆ ಒಬ್ಬಿಬ್ಬರನ್ನೇ ನೆಚ್ಚಿದರೆ ಏನಾಗುತ್ತದೆಂದು 2020ರ ಮಾರ್ಚ್‌ನಲ್ಲಿ ಕಂಡಿದ್ದೇವೆ: ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದದ್ದೇ ತಡ, ಅದನ್ನೇ ಆಧರಿಸಿದ್ದ ಫೋನ್‌ಪೇ ಸುಮಾರು ಒಂದು ದಿನ ಸ್ತಬ್ಧವಾಯಿತು. ಅದಕ್ಕೇ ಅಂಗಡಿಯವರು ಒಂದಕ್ಕೆ ಮೂರು ಸ್ಟಿಕ್ಕರು ಇಟ್ಟುಕೊಳ್ಳುವುದನ್ನು ನಾನು ವಿವೇಕ ಎನ್ನುತ್ತೇನೆ. ಗಿರಾಕಿಗಳಾದ ನಾವು ಮಾತ್ರ ಒಂದೇ ಆ್ಯಪ್‌ಗೆ ಜೋತುಬಿದ್ದಿದ್ದೇವೆ.

ದಾರಿ ಕಟ್ಟಿದವರದೇ ಒಂದು ಆ್ಯಪ್ ಇದೆ, ಭೀಮ್. 2016ರ ಡಿಸೆಂಬರ್ 30ರಂದು ಬಂದದ್ದು, ಅಂಬೇಡ್ಕರರ ಹೆಸರು ಹೊತ್ತದ್ದು. ಮಾರುಕಟ್ಟೆಯಲ್ಲಿ ಅದರ ಪಾಲು ತೀರಾ ಚಿಕ್ಕದು. ನಿಮಗೆ ಪುರಸೊತ್ತಾದಾಗ ಅದನ್ನೋ ನಿಮ್ಮ ಬ್ಯಾಂಕಿನದನ್ನೋ ಫೋನಿಗೆ ಹಾಕಿಕೊಳ್ಳಿ, ವಾರಕ್ಕೊಮ್ಮೆಯಾದರೂ ಅದರಲ್ಲಿ ತರಕಾರಿ ದುಡ್ಡು ಕೊಡಿ.