ಮರಳಿ ಕಲಿತ ವಿದ್ಯೆ

ವಿದ್ಯೆಯೊಂದನ್ನು ಸಾಧಿಸಿಕೊಳ್ಳುವುದೇ ಕಷ್ಟ. ಸಾಧಿಸಿದ ವಿದ್ಯೆಯು ಬೇರುಸಹಿತ ಅಳಿದುಹೋಗಿ, ಅದನ್ನೇ ಮೊದಲಿನಿಂದ ಕಲಿಯಬೇಕಾಗಿ ಬಂದರೆ ಉತ್ಸಾಹವು ಎಲ್ಲಿಂದ ಹುಟ್ಟಬೇಕು? ಅಮೆರಿಕದ ಗಿಟಾರ್ ವಾದಕ ಪ್ಯಾಟ್ ಮಾರ್ಟಿನೋ ಅವರ ಬಾಳು ಈ ಪ್ರಶ್ನೆಗೆ ಉತ್ತರ ನೀಡುತ್ತದೆ.

1944ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಜನಿಸಿದ ಮಾರ್ಟಿನೋ ಒಲಿದುದು ಜಾಝ್ ಸಂಗೀತಕ್ಕೆ. ಕಪ್ಪು ಅಮೆರಿಕನ್ನರ ನಡುವೆ ಹುಟ್ಟಿ ಬೆಳೆದ ಈ ಪದ್ಧತಿಯಲ್ಲಿ ಹಾಡಿನ ಧಾಟಿಯೂ ಅದರ ಸ್ವರಮೇಳಗಳೂ ಮೊದಲೇ ಗೊತ್ತಾಗಿರುತ್ತವೆ. ಅವುಗಳನ್ನು ಆಧರಿಸಿ ವಾದಕನು ಆ ಕ್ಷಣದಲ್ಲಿಯೇ ಹೊಸ ಸ್ವರಸಂಚಾರವನ್ನು ಕಟ್ಟುತ್ತಾನೆ. ಕರ್ನಾಟಕ ಸಂಗೀತಜ್ಞರು ಮನೋಧರ್ಮವೆನ್ನುವ ಗುಣವೇ ಅಲ್ಲಿಯೂ ಪ್ರಾಣ. ಹದಿಹರೆಯದಲ್ಲಿಯೇ ವೃತ್ತಿಗಿಳಿದ ಮಾರ್ಟಿನೋ 1967ರಲ್ಲಿ ‘ಎಲ್ ಹೋಂಬ್ರೆ’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದು ರಸಿಕರ ಮನ್ನಣೆಗೆ ಪಾತ್ರರಾದರು.

1980ರಲ್ಲಿ ಮೆದುಳಿನ ರಕ್ತನಾಳದ ವ್ಯಾಧಿಗಾಗಿ ಅವರಿಗೆ ಶಸ್ತ್ರಚಿಕಿತ್ಸೆಯಾಯಿತು. ಪ್ರಾಣ ಉಳಿಯಿತು, ನೆನಪು ಉಳಿಯಲಿಲ್ಲ. ಹೆತ್ತವರ ಗುರುತೂ ಇಲ್ಲ, ವಾದ್ಯದ ಪರಿಚಯವೂ ಇಲ್ಲ. ಮಗನಿಗೆ ಸಂಗೀತದ ರುಚಿ ಹತ್ತಿಸಿದ ತಂದೆ, ಅವನದೇ ಹಳೆಯ ಧ್ವನಿಮುದ್ರಿಕೆಗಳನ್ನು ಮನೆಯಲ್ಲಿ ಮತ್ತೆ ಮತ್ತೆ ನುಡಿಸಿದರು. ಆ ನಾದವು ಮಗನಿಗೆ ಹಿತವಾಗಲಿಲ್ಲ. ತಾನರಿಯದ ಮತ್ತೊಬ್ಬನಂತಾಗೆಂದು ಅದು ಒತ್ತಾಯಿಸುವಂತಿತ್ತು.

ಕಡೆಗೆ ಅವರನ್ನು ವಾದ್ಯದ ಬಳಿಗೆ ಕರೆತಂದುದು ಕಳೆದ ಕೀರ್ತಿಯ ಆಸೆಯಲ್ಲ. ಮನದ ಬೇಗೆಯನ್ನು ಮರೆಯಲು ಗಿಟಾರನ್ನು ಕೈಗೆತ್ತಿಕೊಂಡರು. ಮಗು ಆಟಿಕೆಯೊಡನೆ ಆಡುವಂತೆ ಅದರೊಡನೆ ಆಡತೊಡಗಿದರು. ಆಡುತ್ತಾಡುತ್ತ ಬೆರಳಿಗೆ ತಂತಿಯ ಪರಿಚಯ ಮರಳಿತು, ಬೆರಳಿನ ಹಿಂದೆಯೇ ನೆನಪಿನ ತುಣುಕುಗಳು ಬಂದವು. ತಂದೆಯ ಯತ್ನವೂ ವ್ಯರ್ಥವಾಗಲಿಲ್ಲ. ಒಮ್ಮೆ ಹೊರೆಯಾಗಿದ್ದ ಆ ಧ್ವನಿಮುದ್ರಿಕೆಗಳೇ ಈಗ ಗುರುವಾದವು. ಪೂರ್ವಾಶ್ರಮದ ತಮ್ಮದೇ ವಾದನಕ್ಕೆ ಅವರು ಶಿಷ್ಯರಾದರು. ವರ್ಷಗಳ ಸಾಧನೆಯ ಬಳಿಕ, 1987ರಲ್ಲಿ, ಸಭಿಕರೆದುರಿನ ಅವರ ವಾದನವು ಧ್ವನಿಮುದ್ರಿತವಾಯಿತು. ಅದಕ್ಕಿತ್ತ ಹೆಸರು ‘ದಿ ರಿಟರ್ನ್’, ಎಂದರೆ ಪುನರಾಗಮನ. 2021ರಲ್ಲಿ ತಮ್ಮ 77ನೆಯ ವಯಸ್ಸಿನಲ್ಲಿ ಅವರು ಕಾಲವಶರಾದರು.

ಶಿಷ್ಯನ ಉತ್ಸಾಹ ಕುಂದಿದಾಗ ಗುರುವು ದೂರದ ಶಿಖರವನ್ನು ತೋರಿಸುವುದು ವಾಡಿಕೆ. ಸೋತ ಕಾಲಿಗೆ ಶಿಖರವು ಭಯವನ್ನೇ ಹೆಚ್ಚಿಸೀತು. ಅಂದಿನ ಅಭ್ಯಾಸದಲ್ಲಿ ಅಂದಿನ ಸವಿಯನ್ನು ಕಾಣಿಸಿದರೆ ನಾಳೆ ಅವನು ಕರೆಯದೆಯೇ ಬರುತ್ತಾನೆ. ಹೀಗೆ ನಿತ್ಯವೂ ಮರಳಿ ಬರುವವನಿಗೆ ವಿದ್ಯೆಯೂ ಮರಳಿ ಒಲಿಯುತ್ತದೆ.