ಕಮಾನಿನಿಂದ ಗುಡಿಯವರೆಗೆ

ಬೆಂಗಳೂರಿನಿಂದ ಮೈಸೂರಿಗೆ ಹೊರಟವರು ನಾಯಂಡಹಳ್ಳಿಯನ್ನು ಹಿಂದೆ ಬಿಟ್ಟು ಸ್ವಲ್ಪ ಮುಂದೆ ಹೋದರೆ ಎಡಗಡೆಗೆ ಒಂದು ಕಮಾನು ಕಾಣುವುದು. ರಾಜರಾಜೇಶ್ವರಿನಗರಕ್ಕೆ ಅದೇ ಹೆಬ್ಬಾಗಿಲು. ಇಲ್ಲಿಯವರು ಅದನ್ನು 'ಆರ್ಚು' ಎಂದೇ ಕರೆಯುವರು; ಬಸ್ಸಿನ ಕಂಡಕ್ಟರನೂ ಹಾಗೆಯೇ ಕೂಗುವನು. ೨೦೨೧ನೆಯ ಆಗಸ್ಟಿನಿಂದ ಇಲ್ಲಿ ತಲೆಯ ಮೇಲೆ ಮೆಟ್ರೋ ರೈಲು ಓಡುತ್ತಿದೆ. ಕೆಳಗೆ ವೃಷಭಾವತಿಯು ತನ್ನ ಹಳೆಯ ಹೆಸರೊಂದನ್ನು ಮಾತ್ರ ಉಳಿಸಿಕೊಂಡು ಹರಿಯುತ್ತಿದೆ. ಕಮಾನನ್ನು ಹೊಕ್ಕು ಏರುತ್ತ ಇಳಿಯುತ್ತ ಹೋದರೆ ಕೈಲಾಸಾಶ್ರಮದ ಶ್ರೀ ರಾಜರಾಜೇಶ್ವರಿಯ ಗುಡಿ. ನಗರಕ್ಕೆ ಹೆಸರು ಬಂದುದು ಆ ತಾಯಿಯಿಂದಲೇ. ಬೆಳಗಿನ ತಂಪಿನಲ್ಲಿ ನಡೆದುಹೋದರೂ ಆಯಾಸವೆನಿಸದಷ್ಟು ದೂರ. ಈ ಅಲ್ಪ ದೂರವನ್ನು ಕುರಿತೇ ನಾವು ನಾಲ್ಕು ಮಾತು ಬರೆಯಬೇಕೆಂದು ಹೊರಟಿದ್ದೇವೆ. ಕಾಶಿ ರಾಮೇಶ್ವರಗಳ ಪ್ರವಾಸಕಥನವನ್ನು ನಿರೀಕ್ಷಿಸಿದ ವಾಚಕರು ಕ್ಷಮಿಸಬೇಕು.

ಭಾನುವಾರದ ಮುಂಜಾನೆ ಇನ್ನೂ ನಸುಕಿರುವಾಗಲೇ ಕಮಾನಿನ ಬಳಿಯ ಕಾಫಿಯ ಅಂಗಡಿಯ ಮುಂದೆ ನಿಂತರೆ ಒಂದು ವಿನೋದದ ನೋಟವನ್ನು ಕಾಣಬಹುದು. ಏಳೆಂಟು ಮಂದಿ ತರುಣರು ಒಬ್ಬೊಬ್ಬರಾಗಿ ಭಾರಿ ಮೋಟಾರ್ ಸೈಕಲ್ಲುಗಳ ಮೇಲೆ ಬಂದು ಸೇರುವರು. ಕಣ್ಣನ್ನೂ ಗಲ್ಲವನ್ನೂ ಮುಚ್ಚುವ ಶಿರಸ್ತ್ರಾಣ, ಭುಜ, ಮೊಣಕೈ, ಬೆನ್ನುಗಳಲ್ಲಿ ದಪ್ಪನೆಯ ತಟ್ಟೆಗಳನ್ನು ಸೇರಿಸಿ ಹೊಲಿದ ಅಂಗಿ, ಗೆಣ್ಣುಗಳಿಗೆ ಗಟ್ಟಿ ಕವಚವಿರುವ ಕೈಚೀಲ, ಮೊಣಕಾಲಿಗೆ ಕಾಪು, ಹರಡು ಮುಚ್ಚುವ ಬೂಟ್ಸು. ವಿರಾಟನ ಊರಿನಲ್ಲಿ ಬನ್ನಿಯ ಮರದಿಂದ ಆಯುಧಗಳನ್ನಿಳಿಸಿಕೊಂಡು ಹೊರಟವರಂತೆ ತೋರುವರು. ಹೋಗುವುದೇನೋ ಮದ್ದೂರಿನ ವಡೆಗೆ! ೨೦೨೩ನೆಯ ಆಗಸ್ಟ್ ೧ರಿಂದ ಮೈಸೂರಿನ ಹೊಸ ಹೆದ್ದಾರಿಯ ನಡುವಣ ಪಥಗಳಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲದುದರಿಂದ ಪಕ್ಕದ ಸರ್ವಿಸ್ ರಸ್ತೆಯನ್ನೇ ಹಿಡಿದು ಹೋಗುವರು.

ನಾವು ಅವರಲ್ಲೊಬ್ಬನನ್ನು ಮಾತನಾಡಿಸಿದೆವು. ಹುಡುಗ ವಿನಯವಂತ. ಪ್ರತಿಯೊಂದನ್ನೂ ಬಿಚ್ಚಿ ತೋರಿಸಿ, ಅದರ ಪ್ರಯೋಜನವನ್ನು ವಿವರಿಸಿದನು. "ದಿನವೂ ಇಷ್ಟನ್ನೆಲ್ಲ ಧರಿಸಿಯೇ ಓಡಾಡುವೆಯೇನಪ್ಪ?" ಎಂದು ಕೇಳಿದೆವು. ಅವನು ನಕ್ಕು, "ಇಲ್ಲ ಸಾರ್, ಇದು ದೂರ ಹೋಗುವಾಗ ಮಾತ್ರ. ಮನೆಯ ಹತ್ತಿರ ಹೋಗಿಬರುವುದಕ್ಕೆ ಚಡ್ಡಿ ಚಪ್ಪಲಿ ಸಾಕು. ಇಲ್ಲೇ ಅಲ್ಲವೆ?" ಎಂದನು.

ಇಲ್ಲೇ ಅಲ್ಲವೆ! ಈ ಮಾತನ್ನು ನಾವು ಬೇರೆ ಕಡೆಯೂ ಕೇಳಿದ್ದೆವು. ಸಂಕೋಚವಿಲ್ಲದೆ ಹೇಳಬೇಕಾದರೆ, ನಮ್ಮ ಬಾಯಿಂದಲೇ ಕೇಳಿದ್ದೆವು.

ಹಿಂದಿನವರು ಈ ಮೈಸೂರು ರಸ್ತೆಯಲ್ಲಿ ಇಷ್ಟೆಲ್ಲ ಕವಚಗಳಿಲ್ಲದೆಯೇ ಓಡಾಡಲಿಲ್ಲವೆ ಎಂದು ಕೇಳುವವರುಂಟು. ಓಡಾಡಿದರು, ನಿಜ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ೧೯೬೧ರಿಂದ ೧೯೯೬ರಲ್ಲಿ ಬಾಗಿಲು ಮುಚ್ಚುವವರೆಗೆ ತಯಾರಿಸಿದ ಜಾವಾ, ಯೆಜ್ಡಿ ಬಂಡಿಗಳ ಮೇಲೆ ಮಫ್ಲರು ಸುತ್ತಿಕೊಂಡು ಸವಾರಿ ಮಾಡಿದ ಹಿರಿಯರು ನಮ್ಮ ಬಂಧುಗಳಲ್ಲಿಯೇ ಇದ್ದಾರೆ. ಆ ಕಾಲದ ರಸ್ತೆಯಲ್ಲಿ ಎದುರಿಗೆ ಬರುತ್ತಿದ್ದುದು ಎತ್ತಿನ ಗಾಡಿ. ಮತ್ತೊಂದು ಮಾತು: ಬದುಕಿ ಉಳಿದವರು ಮಾತ್ರವೇ ಇಂದು ಆ ಕಥೆಯನ್ನು ಹೇಳುತ್ತಿರುವುದು.

ಶಿರಸ್ತ್ರಾಣದ ಕಥೆಯೂ ಒಬ್ಬ ಬದುಕದವನಿಂದಲೇ ಮೊದಲಾಗುತ್ತದೆ. ಅರೇಬಿಯದ ಲಾರೆನ್ಸ್ ಎಂದು ಹೆಸರಾದ ಆಂಗ್ಲ ಸೇನಾನಿಯು ೧೯೩೫ನೆಯ ಮೇ ತಿಂಗಳಲ್ಲಿ ತನ್ನ ಮನೆಗೆ ಸಮೀಪದ ಹಳ್ಳಿಯ ರಸ್ತೆಯಲ್ಲಿ ಮೋಟಾರ್ ಸೈಕಲ್ಲಿನ ಮೇಲೆ ಬರುತ್ತಿದ್ದನು. ಎದುರಿಗೆ ಸಿಕ್ಕ ಇಬ್ಬರು ಬೈಸಿಕಲ್ ಹುಡುಗರನ್ನು ತಪ್ಪಿಸಹೋಗಿ ಬಿದ್ದು ತಲೆಗೆ ಪೆಟ್ಟಾಗಿ, ಆರು ದಿನಗಳ ಮೇಲೆ ಪ್ರಜ್ಞೆ ಬಾರದೆಯೇ ತೀರಿಕೊಂಡನು. ಮರುಭೂಮಿಯ ಯುದ್ಧವನ್ನು ಗೆದ್ದು ಬಂದವನಿಗೆ ಮೃತ್ಯು ಕಾದಿದ್ದುದು ಮನೆಯ ಹತ್ತಿರ. ಅವನನ್ನು ನೋಡಿದ ವೈದ್ಯರಲ್ಲೊಬ್ಬರಾದ ಹ್ಯೂ ಕೆರ್ನ್ಸರ ಮನಸ್ಸಿನಲ್ಲಿ ಈ ಸಾವು ನೆಟ್ಟುಹೋಯಿತು. ಅವರು ಸೈನ್ಯದ ಸವಾರರ ತಲೆಯ ಗಾಯಗಳನ್ನು ಪರೀಕ್ಷಿಸಿ ೧೯೪೧ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಶಿರಸ್ತ್ರಾಣವನ್ನು ಧರಿಸಿ ಬಿದ್ದು ತಲೆಗೆ ಪೆಟ್ಟು ತಿಂದ ಏಳು ಮಂದಿಯನ್ನು ಅವರು ಕಂಡಿದ್ದರು; ಏಳು ಮಂದಿಯೂ ಬದುಕಿದ್ದರು. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಸೈನ್ಯವು ತನ್ನ ಸಂದೇಶವಾಹಕ ಸವಾರರಿಗೆ ಶಿರಸ್ತ್ರಾಣವನ್ನು ಕಡ್ಡಾಯ ಮಾಡಿತು.

ಇನ್ನು ನಾವು ಕಮಾನನ್ನು ದಾಟಿ ಒಳಗೆ ಹೋಗೋಣ. ಗಂಟೆ ಎಂಟಾಗಿದೆ. ಕವಚಧಾರಿಗಳು ಬಿಡದಿಯನ್ನು ದಾಟಿರಬೇಕು. ನಗರದ ಏರುದಾರಿಯಲ್ಲಿ ಈಗ ಬರುತ್ತಿರುವವರು ನಮ್ಮ ನಿಮ್ಮಂತಹ ಗೃಹಸ್ಥರು. ಸ್ಕೂಟರಿನ ಮುಂಭಾಗದಲ್ಲಿ ಹಾಲಿನ ಚೀಲ. ಅದರ ಹಿಂದೆ ಹಿಡಿಯ ಕೆಳಗೆ ತೂರಿ ನಿಂತ ನಾಲ್ಕೈದು ವರ್ಷದ ಮಗು. ಆಸನದ ಮೇಲೆ ಯಜಮಾನರು. ಹಿಂದೆ ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು ಕುಳಿತ ಗೃಹಿಣಿ, ಅವರ ತೊಡೆಯ ಮೇಲೆ ಪೂಜೆಯ ಬುಟ್ಟಿ. ಯಜಮಾನರ ತಲೆಗೆ ಗಲ್ಲದವರೆಗೆ ಮುಚ್ಚುವ ಒಳ್ಳೆಯ ಹೆಲ್ಮೆಟ್ಟಿದೆ. ಗೃಹಿಣಿಯ ತಲೆಯ ಮೇಲೆ ಅರ್ಧ ತೆಂಗಿನ ಚಿಪ್ಪಿನಂತಹುದೊಂದು. ಪಟ್ಟಿ ಗಾಳಿಯಲ್ಲಿ ಹಾರಾಡುತ್ತಿದೆ. ಮಗುವಿನ ತಲೆಯ ಮೇಲೆ ಎಣ್ಣೆ ಹಚ್ಚಿ ಬಾಚಿದ ಕೂದಲೇ ವಿನಾ ಬೇರೇನೂ ಇಲ್ಲ.

ಇದನ್ನು ಕಂಡು ನಾವು ನಗುವ ಅಧಿಕಾರವನ್ನು ಕಳೆದುಕೊಂಡು ಎರಡು ವರ್ಷವಾಯಿತು. ಆಷಾಢದ ಒಂದು ಶುಕ್ರವಾರ ನಮ್ಮ ಮನೆಯವರನ್ನು ಕೂರಿಸಿಕೊಂಡು ಗುಡಿಗೆ ಹೊರಟಿದ್ದೆವು. ತುಂತುರು ಮಳೆ ಬಂದು ನಿಂತಿತ್ತು. ತಿರುವಿನಲ್ಲಿ ಯಾರೋ ಮನೆ ಕಟ್ಟಿಸುವವರು ಸುರಿಸಿದ್ದ ಮರಳು ನೀರಿನೊಡನೆ ರಸ್ತೆಗೆ ಹರಿದಿತ್ತು. ವೇಗವೆಂದರೆ ಬೈಸಿಕಲ್ಲಿನ ವೇಗ. ಮುಂದಿನ ಚಕ್ರ ಜಾರಿತು. ಬಂಡಿಯು ಎಮ್ಮೆ ಮಲಗಿದಂತೆ ಮೆಲ್ಲಗೆ ಒಂದು ಪಕ್ಕಕ್ಕೆ ಮಲಗಿತು. ನಮ್ಮ ಹೆಲ್ಮೆಟ್ಟು ಟಾರಿಗೆ ತಗುಲಿ ಟಕ್ಕೆಂದಿತು, ಅಷ್ಟೆ. ಎದ್ದು ನೋಡಿದರೆ ನಮ್ಮ ಮನೆಯವರ ಚಿಪ್ಪು ಹತ್ತು ಮಾರು ದೂರ ಉರುಳಿ ಹೋಗಿತ್ತು. ಅವರು ತಲೆಯನ್ನು ಹಿಡಿದುಕೊಂಡು ರಸ್ತೆಯ ಮೇಲೆ ಕುಳಿತಿದ್ದರು. ಎಂಟು ಹೊಲಿಗೆ ಬಿದ್ದವು. ಹೊಲಿಗೆಗೆ ನಾವು ಅಂಜಲಿಲ್ಲ. ಆದರೆ ಸುಮಾರು ಎರಡು ಗಂಟೆಯ ಕಾಲ ಅವರು "ಇವತ್ತು ಯಾವ ವಾರ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಪ್ರತಿ ಸಲವೂ ನಾವು ಶುಕ್ರವಾರವೆಂದು ಹೇಳುತ್ತಿದ್ದೆವು.

ರಾತ್ರಿ ಅವರಿಗೆ ನೆನಪು ನೆಲೆಗೊಂಡ ಮೇಲೆ ಕೇಳಿದ ಮೊದಲ ಮಾತು, "ಏನೂಂದ್ರೆ, ನಿಮ್ಮ ತಲೆಗೆ ಏನೂ ಆಗಲಿಲ್ಲವಷ್ಟೆ?" ಎಂದು. ನಮ್ಮ ಹೆಲ್ಮೆಟ್ಟನ್ನು ನಾವು ಮೂರು ಅಂಗಡಿ ತಿರುಗಿ, ಐ.ಎಸ್.ಐ. ಗುರುತನ್ನು ಕನ್ನಡಕ ಹಾಕಿಕೊಂಡು ಪರೀಕ್ಷಿಸಿ, ತಲೆಗೆ ಒಪ್ಪುವಂತಹುದನ್ನೇ ಕೊಂಡಿದ್ದೆವು. ಅವರದನ್ನು ಕೊಂಡದ್ದು ರಸ್ತೆಯ ಬದಿಯಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿದ್ದ ರಾಶಿಯಿಂದ, ಪೋಲೀಸಿನವರ ಕಣ್ಣಿಗೆ ಕಂಡರೆ ಸಾಕೆಂದು. ತುರುಬಿಗೆ ತಡೆಯಾಗುತ್ತದೆಂದು ಅವರು ಪಟ್ಟಿಯನ್ನು ಬಿಗಿಯುತ್ತಿರಲಿಲ್ಲ. ಬಿಗಿಯಬೇಕೆಂದು ನಾವು ಒಂದು ದಿನವೂ ಹೇಳಲಿಲ್ಲ. ಇಲ್ಲೇ ಅಲ್ಲವೆ?

ಮೆಲ್ಲಗೆ ಹೋಗುವಾಗ ಅಪಾಯವಿಲ್ಲವೆಂಬ ನಂಬಿಕೆ ಎಷ್ಟು ಟೊಳ್ಳೆಂಬುದನ್ನು ತಿಳಿಯಲು ದೊಡ್ಡ ವಿದ್ವತ್ತು ಬೇಡ. ಬಂಡಿಯ ಮೇಲೆ ಕುಳಿತವರ ತಲೆ ನೆಲದಿಂದ ಹೆಚ್ಚು ಕಡಮೆ ಐದಡಿ ಎತ್ತರದಲ್ಲಿರುತ್ತದೆ. ಐದಡಿಯಿಂದ ಬಿದ್ದ ಯಾವ ವಸ್ತುವೇ ಆಗಲಿ ನೆಲವನ್ನು ಮುಟ್ಟುವ ಹೊತ್ತಿಗೆ ಗಂಟೆಗೆ ಸುಮಾರು ೨೦ ಕಿಲೋಮೀಟರಿನ ವೇಗವನ್ನು ಪಡೆದಿರುತ್ತದೆ. ಬಂಡಿ ನಿಂತೇ ಇದ್ದರೂ ಸರಿಯೆ! ಹೆಲ್ಮೆಟ್ಟಿನ ಹೊರಚಿಪ್ಪು ಆ ಪೆಟ್ಟನ್ನು ಅಗಲವಾಗಿ ಹರಡುತ್ತದೆ. ಒಳಗಿನ ಥರ್ಮೋಕೋಲಿನಂತಹ ದಪ್ಪ ಪದರವು ತಾನು ಜಜ್ಜಿಹೋಗಿ, ತಲೆ ನಿಲ್ಲುವುದಕ್ಕೆ ಕ್ಷಣದ ಒಂದಂಶದಷ್ಟು ಹೆಚ್ಚು ಅವಕಾಶವನ್ನು ಕೊಡುತ್ತದೆ. ಮಿದುಳನ್ನು ಕಾಯುವುದು ಆ ಅವಕಾಶವೇ. ಒಮ್ಮೆ ಜಜ್ಜಿದ ಪದರ ಮತ್ತೆ ಉಬ್ಬುವುದಿಲ್ಲವಾದ್ದರಿಂದ, ಬಿದ್ದ ಹೆಲ್ಮೆಟ್ಟು ನೋಡಲು ಚೆನ್ನಾಗಿದ್ದರೂ ಎಸೆಯತಕ್ಕದ್ದು. ನಮ್ಮ ಮನೆಯವರ ಚಿಪ್ಪಿನೊಳಗೆ ಇದ್ದುದು ಬಟ್ಟೆ ಹೊದಿಸಿದ ತೆಳುವಾದ ಸ್ಪಂಜು. ಲೋಕದ ಹಲವೆಡೆಯ ಅರವತ್ತೊಂದು ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೦೮ರಲ್ಲಿ ಪರಿಶೀಲಿಸಿದವರು ಹೆಲ್ಮೆಟ್ಟಿನಿಂದ ಸಾವಿನ ಸಂಭವ ನೂರಕ್ಕೆ ೪೨ರಷ್ಟೂ ತಲೆಯ ಗಾಯದ ಸಂಭವ ೬೯ರಷ್ಟೂ ಕಡಮೆಯಾಗುವುದೆಂದು ಕಂಡಿದ್ದಾರೆ.

ಕಾನೂನು ಈ ವಿಷಯದಲ್ಲಿ ನಮಗಿಂತ ನಿಷ್ಪಕ್ಷಪಾತಿ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೧೨೯ನೆಯ ಪ್ರಕರಣವು ನಡೆಸುವವನ ತಲೆ, ಹಿಂದೆ ಕುಳಿತವರ ತಲೆ ಎಂದು ಭೇದವೆಣಿಸುವುದಿಲ್ಲ. ಪೇಟ ಸುತ್ತುವ ಸಿಖ್ಖರಿಗೆ ಮಾತ್ರ ವಿನಾಯಿತಿ. ೨೦೧೯ರ ತಿದ್ದುಪಡಿಯು ನಾಲ್ಕು ವರ್ಷ ಮೀರಿದ ಮಗುವನ್ನೂ ಸ್ಪಷ್ಟವಾಗಿ ಸೇರಿಸಿತು. ನಮ್ಮ ಕರ್ನಾಟಕದಲ್ಲಿ ಹಿಂಬದಿಯವರ ಹೆಲ್ಮೆಟ್ಟನ್ನು ೨೦೧೬ನೆಯ ಜನವರಿಯಿಂದ ಕಡ್ಡಾಯ ಮಾಡಿದಾಗ ಎಷ್ಟು ಗೊಣಗಾಟ ನಡೆಯಿತೆಂಬುದು ನೆನಪಿದೆ. ಸೀರೆಯ ಸೆರಗು ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧವನ್ನಾದರೂ ಮುಚ್ಚುವ ಕಾಪು ಇರಬೇಕೆಂದು ಕೂಡ ನಿಯಮವಿದೆ. ಅದನ್ನು ಅಂದಕ್ಕಾಗಿ ಕಳಚಿಹಾಕಿದ ಬಂಡಿಗಳನ್ನು ನಾವು ದಿನವೂ ನೋಡುತ್ತೇವೆ. ೨೦೨೨ರಲ್ಲಿ ಭಾರತದ ರಸ್ತೆಗಳಲ್ಲಿ ಹೆಲ್ಮೆಟ್ಟಿಲ್ಲದೆ ಮಡಿದವರು ೫೦,೦೨೯ ಮಂದಿಯೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ ೧೪,೩೩೭ ಮಂದಿ ಬಂಡಿಯನ್ನು ನಡೆಸುತ್ತಿದ್ದವರಲ್ಲ, ಹಿಂದೆ ಕುಳಿತಿದ್ದವರು. ರಾಷ್ಟ್ರಪ್ರಶಸ್ತಿ ಪಡೆದ ನಮ್ಮ ನಟ ಸಂಚಾರಿ ವಿಜಯ್ ೨೦೨೧ನೆಯ ಜೂನಿನಲ್ಲಿ ಇದೇ ಬೆಂಗಳೂರಿನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡಾಗ ಅವರು ಕುಳಿತಿದ್ದುದೂ ಗೆಳೆಯರ ಬಂಡಿಯ ಹಿಂಬದಿಯಲ್ಲಿ.

ಹಾಗಾದರೆ ಗುಡಿಗೆ ಹೋಗುವಾಗಲೂ ಆ ತರುಣರ ಸಮಸ್ತ ಕವಚಗಳನ್ನು ತೊಡಬೇಕೆ? ಅಂಗಿಗೆ ಕೆಲವು ಸಾವಿರ ರೂಪಾಯಿ. ಚೈತ್ರ ವೈಶಾಖದ ಬಿಸಿಲಿನಲ್ಲಿ ಸಿಗ್ನಲ್ಲಿನ ಕೆಂಪು ದೀಪದ ಮುಂದೆ ಅದನ್ನು ತೊಟ್ಟು ನಿಂತವನ ಪಾಡು ಇಡ್ಲಿಯ ಪಾತ್ರೆಯೊಳಗಿನ ಹಿಟ್ಟಿನ ಪಾಡು. ಆಸ್ಟ್ರೇಲಿಯದ ಕ್ಯಾನ್‌ಬೆರ ಪಟ್ಟಣದಲ್ಲಿ ಬಿದ್ದ ೨೧೨ ಮಂದಿ ಸವಾರರನ್ನು ಕುರಿತು ೨೦೧೧ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಸವಾರಿಯ ಕೈಚೀಲ ತೊಟ್ಟವರು ಆಸ್ಪತ್ರೆಗೆ ಸೇರುವ ಸಂಭವ ತೊಡದವರಿಗಿಂತ ನೂರಕ್ಕೆ ೫೯ರಷ್ಟು ಕಡಮೆ. ಸವಾರಿಯ ಷರಾಯಿ ತೊಟ್ಟವರಲ್ಲಿ ೫೧ರಷ್ಟು, ಅಂಗಿ ತೊಟ್ಟವರಲ್ಲಿ ೨೧ರಷ್ಟು ಕಡಮೆ. ಬೆಲೆಬಾಳುವ ಅಂಗಿಗಿಂತ ಕೈಚೀಲದ ಲಾಭವೇ ಹೆಚ್ಚು! ಬೀಳುವಾಗ ಮನುಷ್ಯನು ಮೊದಲು ಊರುವುದು ಅಂಗೈಯನ್ನಲ್ಲವೆ? ಆದರೆ ಅದೇ ಅಧ್ಯಯನದಲ್ಲಿ ಮತ್ತೊಂದು ಸಂಗತಿಯೂ ಇದೆ: ಬಿದ್ದಾಗ ಅಂಗಿ, ಷರಾಯಿ, ಕೈಚೀಲಗಳಲ್ಲಿ ಸುಮಾರು ಕಾಲುಭಾಗಕ್ಕೂ ಮೇಲ್ಪಟ್ಟು ಹರಿದು ಕೆಟ್ಟಿದ್ದವು. ಕವಚವೆಂದು ಮಾರಿದ್ದೆಲ್ಲ ಕವಚವಲ್ಲ.

ನಮ್ಮ ಮಟ್ಟಿಗೆ ನಾವು ಮಾಡಿಕೊಂಡಿರುವ ತೀರ್ಮಾನ ಇಷ್ಟು. ಹೆಲ್ಮೆಟ್ಟಿಗೆ ಹತ್ತಿರ ದೂರಗಳಿಲ್ಲ; ಬಂಡಿಯ ಮೇಲೆ ಎಷ್ಟು ತಲೆಗಳೋ ಅಷ್ಟು, ಎಲ್ಲವೂ ಒಂದೇ ದರ್ಜೆಯವು, ಪಟ್ಟಿ ಬಿಗಿದವು. ಕೈಚೀಲ ಮತ್ತು ಮುಚ್ಚಿದ ಪಾದರಕ್ಷೆಗಳು ದಿನದ ಅಭ್ಯಾಸ. ಗುಡಿಯಲ್ಲಿ ಬಿಡುವುದಕ್ಕೆ ಸ್ವಲ್ಪ ತೊಡಕು, ಆಗಲಿ. ಅಂಗಿ ಮೊಣಕಾಲು ಕಾಪುಗಳನ್ನು ಕಮಾನಿನಿಂದಾಚೆಗೆ ಹೋಗುವ ದಿನಕ್ಕೆ ಇಟ್ಟುಕೊಂಡಿದ್ದೇವೆ. ಇದು ಪೂರ್ಣ ಕವಚವಲ್ಲವೆಂದು ಆ ತರುಣರು ಆಕ್ಷೇಪಿಸಬಹುದು. ಅವರ ಆಕ್ಷೇಪವನ್ನು ಒಪ್ಪುತ್ತೇವೆ, ಮೊದಲು ಅವರು ಚಡ್ಡಿ ಚಪ್ಪಲಿಯಲ್ಲಿ ಹಾಲು ತರುವುದನ್ನು ನಿಲ್ಲಿಸಲಿ.

ನಮ್ಮ ಮನೆಯವರಿಗೆ ಹೆಲ್ಮೆಟ್ಟು ಕೊಳ್ಳಲು ಇಡೀ ಒಂದು ಮಧ್ಯಾಹ್ನ ಹಿಡಿಯಿತು. ಹೆಂಗಸರ ತಲೆಯ ಅಳತೆಯದು ಬೇಕೆಂದಾಗ ಅಂಗಡಿಯವನು ಗುಲಾಬಿ ಬಣ್ಣದ್ದನ್ನು ತೋರಿಸಿದನು; ಅಳತೆಗೂ ಬಣ್ಣಕ್ಕೂ ಏನು ಸಂಬಂಧವೋ ನಮಗೆ ತಿಳಿಯದು. ಕೊನೆಗೆ ಬಿಳಿಯದೊಂದು ಸರಿಹೊಂದಿತು. ತುರುಬಿನ ಬದಲು ಜಡೆ ಹಾಕಿಕೊಳ್ಳುವುದೆಂದು ಅವರೇ ನಿಶ್ಚಯಿಸಿದರು. ಮಲ್ಲಿಗೆಯ ದಂಡೆಯನ್ನು ಬಾಳೆಯ ಎಲೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಗುಡಿಯ ಮೆಟ್ಟಿಲ ಬಳಿ ಮುಡಿಯುವರು.

ಕಳೆದ ತಿಂಗಳು ಒಂದು ಸಂಜೆ ಶೃಂಗಗಿರಿಯ ಷಣ್ಮುಖನ ಗುಡಿಗೆ ಹೋಗಿದ್ದೆವು. ನಗರದೊಳಗಿನ ಸಣ್ಣ ಗುಡ್ಡವೊಂದರ ಮೇಲೆ ಸ್ವಾಮಿಯ ಆರು ಮುಖಗಳ ಭಾರಿ ಶಿಲ್ಪ. ಅದರ ಮೇಲಿನ ಸ್ಫಟಿಕದ ಗೋಪುರ ರಾತ್ರಿ ಬೆಳಗುವಾಗ ಬಹು ದೂರಕ್ಕೆ ಕಾಣುತ್ತದೆ. ನಮ್ಮ ಬಂಡಿಯ ಮೇಲೆ ನಾವಿಬ್ಬರು, ಮಗನ ಬಂಡಿಯ ಮೇಲೆ ಐದು ವರ್ಷದ ಮೊಮ್ಮಗಳು. ಅವಳಿಗೂ ಒಂದು ಪುಟ್ಟ ಹೆಲ್ಮೆಟ್ಟು ಬಂದಿದೆ. ಮೊದಲ ವಾರ ಅದನ್ನು ಹಾಕಿಕೊಂಡೇ ಊಟ ಮಾಡಿದಳು. ದರ್ಶನವಾದ ಮೇಲೆ ಕೆಳಗೆ ನಿಂತು ಮೇಲಿನ ಮುಖಗಳನ್ನು ಬೆರಳು ಮಾಡಿ ಎಣಿಸಿ, "ಅಜ್ಜಿ, ಈ ಸ್ವಾಮಿಗೆ ಆರು ಹೆಲ್ಮೆಟ್ಟು ಬೇಕಲ್ಲ?" ಎಂದು ಕೇಳಿದಳು.

"ಅವನದು ನವಿಲು ಕಣೇ ಪುಟ್ಟಿ, ನಮ್ಮದು ಸ್ಕೂಟರು. ಎಲ್ಲಿ, ಗಲ್ಲ ಎತ್ತು" ಎಂದು ನಮ್ಮ ಮನೆಯವರು ಅವಳ ಪಟ್ಟಿಯನ್ನು ಬಿಗಿದರು. ಬಳಿಕ ನಮ್ಮ ಕಡೆಗೆ ತಿರುಗಿ ನಮ್ಮದನ್ನೂ ಒಮ್ಮೆ ಎಳೆದು ನೋಡಿದರು.