ದಫ್ತರದೊಳಗಿನ ಅಕ್ಷರ

ರೋಣ, ನರಗುಂದ ಕಡೆಯ ಒಕ್ಕಲುಮಗನಿಗೆ ಹೊಲದ ಉತಾರವೆಂದರೇನೆಂಬುದನ್ನು ವಾಚಕರಿಗೆ ಬೇರೆ ಹೇಳಬೇಕಾದುದಿಲ್ಲ. ತಲೆಮಾರುಗಳ ವರೆಗೆ ಅದು ಕೈಬರಹದ ದಫ್ತರದಲ್ಲಿದ್ದಿತು. ಸರಕಾರದ ‘ಭೂಮಿ’ ಯೋಜನೆಯು 2001ರ ಹೊತ್ತಿಗೆ ರಾಜ್ಯದ 177 ತಾಲೂಕುಗಳ ಸುಮಾರು 2 ಕೋಟಿ ಉತಾರಗಳನ್ನು ಗಣಕಯಂತ್ರಕ್ಕೆ ಏರಿಸಿತು. ಗಜೇಂದ್ರಗಡವು ಆಗಿನ್ನೂ ರೋಣ ತಾಲೂಕಿನೊಳಗೇ ಇದ್ದಿತು. ಮೊದಮೊದಲು ಒಂದೊಂದು ತಾಲೂಕಿನ ದಾಖಲೆಯು ಆಯಾ ತಾಲೂಕಿನ ಯಂತ್ರದಲ್ಲಿಯೇ ಇರುತ್ತಿದ್ದುದರಿಂದ, ತಂತ್ರಾಂಶದಲ್ಲಿ ಅಲ್ಪ ತಿದ್ದುಪಡಿಯಾದರೂ ಅದನ್ನು ಅಷ್ಟೂ ಕಡೆಗೆ ಮುಟ್ಟಿಸಬೇಕಾಗುತ್ತಿದ್ದಿತು. ಬರಬರುತ್ತ ದಾಖಲೆಗಳು ಬೆಂಗಳೂರಿನಲ್ಲಿ ಒಂದೆಡೆಗೆ ಸೇರಿ, ಆ ತೊಡಕು ಬಹುಮಟ್ಟಿಗೆ ಕಳೆಯಿತು.

ಆದರೆ ಕಚೇರಿಯ ಬರಹವೆಲ್ಲ ಉತಾರವಲ್ಲವಷ್ಟೆ. ಠರಾವು, ನೋಟೀಸು, ಪತ್ರ, ಶಾಲೆಯ ಪ್ರಶ್ನಪತ್ರಿಕೆ ಇವು ಮೇಜಿನ ಮೇಲಣ ಯಂತ್ರದಲ್ಲಿಯೇ ಉಳಿದವು. ತೊಂದರೆಯೂ ಅಲ್ಲಿಯೇ ಉಳಿಯಿತು. ಈ ಶತಮಾನದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯು ಕಚೇರಿಗಳಿಗೆ ಬಂದುದು ಕನ್ನಡಕ್ಕೆ ದೊಡ್ಡ ಉಪಕಾರವೇ ಸರಿ. ಅದರ ಕೀಲಿಮಣೆಗೆ ಆಧಾರವಾದುದು ಕೆ. ಪಿ. ರಾವ್ ಅವರ ವಿನ್ಯಾಸ. ಅಂದಿನ ಪದ್ಧತಿಯಲ್ಲಿ ಮಾತ್ರ ಯಂತ್ರವು ಕನ್ನಡ ಅಕ್ಷರವನ್ನು ಅರಿಯುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ವೇಷ ತೊಡಿಸಲಾಗಿದ್ದಿತು. ಆ ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚಿ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ತೋರುತ್ತದೆ.

ಯೂನಿಕೋಡಿನಲ್ಲಿ ಹಾಗಲ್ಲ. ಅಲ್ಲಿ ‘ಕ’ಕಾರಕ್ಕೆ 3221 ಎಂಬ ಸ್ವಂತ ಸಂಖ್ಯೆಯುಂಟು. ‘ಕ್ಷ’ವನ್ನು ಕಕಾರ, ಹಲಂತ, ಷಕಾರ ಎಂದು ಉಚ್ಚಾರಕ್ರಮದಲ್ಲಿಯೇ ಇಡುತ್ತಾರೆ. ಪಾಠಶಾಲೆಯಲ್ಲಿ ಸಂಯುಕ್ತಾಕ್ಷರವನ್ನು ಬಿಡಿಸಿ ಹೇಳಲು ಕಲಿತವರಿಗೆ ಇದರಲ್ಲಿ ಹೊಸದೇನಿದೆ? ಹಳೆಯದು ರೂಪವನ್ನು ಹಿಡಿದಿತ್ತು. ಹೊಸದು ವರ್ಣವನ್ನು ಹಿಡಿಯಿತು. ಅಕಾರಾದಿಯಾಗಿ ಹೆಸರುಗಳನ್ನು ಜೋಡಿಸುವದೂ ಹುಡುಕುವದೂ ಇದರಿಂದ ಸುಗಮವಾದವು.

ಇನ್ನು ಗಜೇಂದ್ರಗಡದ ನೇಕಾರರ ಸಂಘವೊಂದರ ಕಾರಕೂನನನ್ನು ಭಾವಿಸಿರಿ. ಅಲ್ಲಿ ನಾಲ್ಕು ಯಂತ್ರಗಳಿದ್ದು, ಎರಡಕ್ಕೆ ಹೊಸ ತಂತ್ರಾಂಶ ಬಂದಿದೆ, ಎರಡಕ್ಕೆ ಬಂದಿಲ್ಲ. ಒಬ್ಬ ಸದಸ್ಯನ ಮಗನು ಬಂದು, ತಂದೆಯ ಷೇರಿನ ಬಗ್ಗೆ ಹದಿನೈದು ವರ್ಷದ ಹಿಂದಿನ ಠರಾವನ್ನು ಕೇಳುತ್ತಾನೆ. ಹೊಸ ಯಂತ್ರದಲ್ಲಿ ಕಡತ ತೆರೆಯುತ್ತದೆ. ತಂದೆಯ ಹೆಸರು ಕಾಣದು. ಬರೆದುದು ಅಳಿದಿಲ್ಲ, ಆದರೂ ಓದುವಂತಿಲ್ಲ! ಗೆದ್ದಲು ಹಿಡಿದ ದಫ್ತರವಾದರೂ ತಾನು ಹಾಳಾದುದನ್ನು ಕಣ್ಣಿಗೆ ತೋರಿಸುತ್ತಿದ್ದಿತು.

2025ರ ಅಕ್ಟೋಬರ 14ಕ್ಕೆ ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಆಸರೆಯನ್ನು ನಿಲ್ಲಿಸಿದುದರಿಂದ ಎಷ್ಟೋ ಕಚೇರಿಗಳಿಗೆ ಯಂತ್ರ ಬದಲಿಸುವ ಕಾಲ ಬಂದಿದೆ. ಹೊಸ ಪೆಟ್ಟಿಗೆ ತಂದವನು ಹಳೆಯದನ್ನು ಅಂದೇ ಒಯ್ಯುವದು ವಾಡಿಕೆ. ಅದನ್ನು ತಡೆಯಬೇಕು. ಹಳೆಯ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಬೆಲೆಯಿಲ್ಲದೆ ದೊರೆಯುತ್ತವೆ. ಮೊದಲು ಒಂದೇ ಯಂತ್ರದಲ್ಲಿ, ಕಡತಗಳ ಪ್ರತಿ ಮಾಡಿಕೊಂಡು, ಪರೀಕ್ಷಿಸಬೇಕು. ಕನ್ನಡದ ನಡುವೆ ಇಂಗ್ಲಿಷ್ ಪದವಿದ್ದರೆ ಪರಿವರ್ತಕವು ಅದನ್ನೂ ಕನ್ನಡವೆಂದೇ ತಿಳಿದು ಕೆಡಿಸುವದುಂಟು. ಅರ್ಕಾವೊತ್ತುಗಳನ್ನು ಕಣ್ಣಿಟ್ಟು ನೋಡಬೇಕು. ಅಂಥ ಕೆಲಸಕ್ಕೆ ಯಂತ್ರ ಬಲ್ಲವನೊಬ್ಬನೇ ಸಾಲನು. ಕನ್ನಡ ಬಲ್ಲವನೂ ಪಕ್ಕದಲ್ಲಿ ಕೂಡ್ರಬೇಕು. ಅದು ಸರಿಬಂದ ಮೇಲೆ ಉಳಿದ ಯಂತ್ರಗಳಿಗೆಲ್ಲ ಒಂದೇ ದಿವಸ ಹೊಸ ಆವೃತ್ತಿಯನ್ನು ಹಾಕಲಿ. ಹಳೆಯ ಯಂತ್ರವೊಂದು ಮೂಲೆಯಲ್ಲಿ ವರ್ಷವೆರಡು ವರ್ಷ ಇರಲಿ; ಅದಕ್ಕೆ ಬೇಕಾದುದು ಒಂದು ಗೇಣು ಜಾಗ ಮಾತ್ರ.